ಕಂಡ ಕಣ್ಣು, ಆಡಿದ ಮಾತು

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಅದನ್ನು ವಿಸ್ತರಿಸಿ ಬರೆಯಿರೆಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದೂ ಉಂಟು. ಹುಡುಗರು ಬರೆದ ಉತ್ತರಕ್ಕೆ ಐದಕ್ಕೆ ಮೂರು, ಮೂರೂವರೆ ಎಂದು ಅಂಕ ಹಾಕಿದ್ದೂ ಉಂಟು. ಆ ಗಾದೆ ನನಗೇ ಸರಿಯಾಗಿ ಅರ್ಥವಾಗಿರಲಿಲ್ಲವೆಂಬುದು ತಿಳಿದುಬಂದುದು ಮಾತ್ರ ೨೦೨೩ನೆಯ ಇಸವಿ ಮಾರ್ಚ್ ೩ರ ರಾತ್ರಿ, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ.

ಕಾಲ್ಚೆಂಡಾಟಕ್ಕೂ ನನಗೂ ಹೇಳಿಕೊಳ್ಳುವಂಥ ನಂಟೇನೂ ಇರಲಿಲ್ಲ. ಎಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗನ ಒತ್ತಾಯಕ್ಕೆ ಕಟ್ಟುಬಿದ್ದು ಹೋದವನು ನಾನು. ಬೆಂಗಳೂರು ಎಫ್.ಸಿ. ತಂಡಕ್ಕೂ ಕೇರಳ ಬ್ಲಾಸ್ಟರ್ಸ್ ತಂಡಕ್ಕೂ ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ. ಸೋತವರು ಮನೆಗೆ ಹೋಗಬೇಕು. ತೊಂಬತ್ತು ನಿಮಿಷ ಆಡಿದರೂ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ವೇಳೆಯ ಆಟ ಆರಂಭವಾಗಿ ಆರು ನಿಮಿಷವಾಗಿರಬಹುದು; ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಕೇರಳದ ಗೋಲ್‌ಕೀಪರು ತನ್ನವರನ್ನು ಗೋಡೆಯಂತೆ ನಿಲ್ಲಿಸುವುದರಲ್ಲಿ ಮಗ್ನನಾಗಿದ್ದ. ಅಷ್ಟರಲ್ಲಿ ಸುನಿಲ್ ಛೇತ್ರಿ ಮೆಲ್ಲನೆ ಚೆಂಡನ್ನು ಎತ್ತಿ ಬಲೆಯೊಳಕ್ಕೆ ಕಳಿಸಿದರು. ನಾವು ಕುಳಿತಿದ್ದ ಕಡೆಯಲ್ಲಿ ಎಲ್ಲರೂ ಎದ್ದುನಿಂತರು. ಯಾರಿಗೂ ಏನೂ ತಿಳಿಯದು. ರೆಫರಿ ಕ್ರಿಸ್ಟಲ್ ಜಾನ್ ಗೋಲೆಂದರು. ಕೇರಳದ ಆಟಗಾರರು ಸುತ್ತುಗಟ್ಟಿ ವಾದಿಸಿದರು. ಕಡೆಗೆ ಅವರ ಕೋಚ್ ಇವಾನ್ ವುಕೊಮನೋವಿಚ್ ತಮ್ಮ ತಂಡವನ್ನೇ ಮೈದಾನದಿಂದ ಹೊರಕ್ಕೆ ಕರೆದುಕೊಂಡು ಹೋದರು. ಕಂಠೀರವದಲ್ಲಿ ಪ್ರೇಕ್ಷಕರಿಗೂ ಆಟದ ಅಂಗಳಕ್ಕೂ ನಡುವೆ ಓಟದ ಪಥವಿದೆ. ಅಷ್ಟು ದೂರದಿಂದ ಆಟಗಾರರ ಕೈಬಾಯಿಗಳ ಚಲನೆ ಕಾಣುತ್ತದೆಯೇ ಹೊರತು ಮಾತು ಕೇಳಿಸುವುದಿಲ್ಲ. ಸಾವಿರಾರು ಜನ ಒಂದು ಮೂಕನಾಟಕವನ್ನು ನೋಡುವಂತೆ ನೋಡುತ್ತ ನಿಂತೆವು.

ಅಕ್ಕನ ಮಗ ತಲೆ ಕೊಡವಿ, "ನಮ್ಮ ಲೀಗಿನಲ್ಲಿ ವಿ.ಎ.ಆರ್. ಇಲ್ಲ ನೋಡಿ ಮಾಮ, ಇದ್ದಿದ್ದರೆ ಎರಡೇ ನಿಮಿಷದಲ್ಲಿ ತೀರ್ಮಾನವಾಗುತ್ತಿತ್ತು" ಎಂದ.

ಆ ಮಾತನ್ನು ನಾನು ಮನೆಗೆ ಹೊತ್ತು ತಂದೆ. ಅಂದಿನಿಂದ ಈಚೆಗೆ ವಿಡಿಯೊ ಸಹಾಯಕ ರೆಫರಿ ಎಂಬ ಈ ವ್ಯವಸ್ಥೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ನೋಡಿದೆ. ಸಹೋದ್ಯೋಗಿಗಳು ನಕ್ಕರು. ಕನ್ನಡದ ಮೇಷ್ಟರಿಗೆ ಈ ವಯಸ್ಸಿನಲ್ಲಿ ಕಾಲ್ಚೆಂಡಿನ ಹುಚ್ಚು ಹಿಡಿಯಿತೆಂದು ಅವರ ಭಾವನೆ. ಹಿಡಿದ ಹುಚ್ಚು ಬೇರೆ ಬಗೆಯದು. ಅದನ್ನು ಮುಂದೆ ಹೇಳುತ್ತೇನೆ.

ಈ ವ್ಯವಸ್ಥೆ ಹುಟ್ಟಿದುದಕ್ಕೆ ಕಾರಣವಾದ ಕಥೆಗಳನ್ನು ಆಟದ ಪ್ರೇಮಿಗಳು ಪುರಾಣದಂತೆ ಬಲ್ಲರು. ೧೯೬೬ರ ಜುಲೈ ೩೦ರಂದು ಲಂಡನ್ನಿನ ವೆಂಬ್ಲಿಯಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ಇಂಗ್ಲೆಂಡಿಗೂ ಪಶ್ಚಿಮ ಜರ್ಮನಿಗೂ ಎರಡೆರಡು ಗೋಲುಗಳ ಸಮಬಲ. ೧೦೧ನೆಯ ನಿಮಿಷದಲ್ಲಿ ಜೆಫ್ ಹರ್ಸ್ಟ್ ಒದ್ದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ನೇರ ಕೆಳಕ್ಕೆ ಬಿದ್ದು ಪುಟಿಯಿತು. ಗೆರೆಯ ಒಳಗೆ ಬಿದ್ದಿತೊ ಹೊರಗೊ? ಸ್ವಿಟ್ಜರ್ಲೆಂಡಿನ ರೆಫರಿ ಗಾಟ್‌ಫ್ರೀಡ್ ಡೀನ್ಸ್ಟ್ ಅಂಗಳದ ಅಂಚಿನಲ್ಲಿದ್ದ ಲೈನ್ಸ್‌ಮನ್ ತೋಫಿಕ್ ಬಹ್ರಾಮೊವ್ ಬಳಿಗೆ ಹೋದರು. ಬಹ್ರಾಮೊವ್ ಸೋವಿಯತ್ ಒಕ್ಕೂಟದ ಅಜರ್‌ಬೈಜಾನಿನವರು. ಇಬ್ಬರಿಗೂ ಸಮಾನವಾದ ಭಾಷೆಯೊಂದಿರಲಿಲ್ಲವೆಂದು ಹೇಳುತ್ತಾರೆ. ಬಹ್ರಾಮೊವ್ ತಲೆಯಾಡಿಸಿದರು, ಅಷ್ಟೇ. ಗೋಲಾಯಿತು, ಇಂಗ್ಲೆಂಡ್ ೪-೨ರಿಂದ ಗೆದ್ದಿತು. ಬಾಕು ನಗರದ ಕ್ರೀಡಾಂಗಣವೊಂದಕ್ಕೆ ಬಹ್ರಾಮೊವ್ ಹೆಸರನ್ನಿಟ್ಟಿದ್ದಾರೆ. ಜರ್ಮನರು ಆ ಗೋಲನ್ನು ಇಂದಿಗೂ ಒಪ್ಪಿಲ್ಲ.

ಇಪ್ಪತ್ತು ವರ್ಷಗಳ ತರುವಾಯ, ೧೯೮೬ರ ಜೂನ್ ೨೨ರಂದು, ಮೆಕ್ಸಿಕೊ ನಗರದಲ್ಲಿ ಡಿಯೆಗೊ ಮರಡೋನಾ ಇಂಗ್ಲೆಂಡಿನ ಗೋಲ್‌ಕೀಪರಿಗಿಂತ ಎತ್ತರಕ್ಕೆ ನೆಗೆದು ಎಡಗೈಯಿಂದ ಚೆಂಡನ್ನು ಬಲೆಗೆ ತಳ್ಳಿದರು. ಟ್ಯುನೀಷಿಯದ ರೆಫರಿ ಅಲಿ ಬೆನ್ನಾಸರ್ ಕೈಯನ್ನು ಕಾಣಲಿಲ್ಲ. ತಮ್ಮ ಲೈನ್ಸ್‌ಮನ್ನಿನ ಕಡೆ ನೋಡಿದರು. ಆತನಿಂದ ಆಕ್ಷೇಪವೇನೂ ಬರಲಿಲ್ಲವಾಗಿ ಗೋಲು ಕೊಟ್ಟರು. ಜಗತ್ತಿನ ಕೋಟಿಗಟ್ಟಲೆ ಜನ ಟೆಲಿವಿಷನ್ನಿನಲ್ಲಿ ಕಂಡುದನ್ನು, ತೀರ್ಪು ಕೊಡಬೇಕಾದ ಒಬ್ಬನೇ ಒಬ್ಬ ಕಾಣಲಿಲ್ಲ. ಇಲ್ಲೊಂದು ಮಾತು ಸೇರಿಸಬೇಕು: ೨೦೧೫ರಲ್ಲಿ ಮರಡೋನಾ ಟ್ಯುನೀಷಿಯಕ್ಕೆ ಹೋದಾಗ ಬೆನ್ನಾಸರ್ ಅವರ ಮನೆ ಹುಡುಕಿಕೊಂಡು ಹೋಗಿ ಅಪ್ಪಿಕೊಂಡರು. ಬೆನ್ನಾಸರ್ ಜೋಪಾನವಾಗಿಟ್ಟುಕೊಂಡಿದ್ದ ಆ ದಿನದ ಚೆಂಡು ೨೦೨೨ರ ನವೆಂಬರಿನಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ ೨೦ ಲಕ್ಷ ಪೌಂಡಿಗೆ ಮಾರಾಟವಾಯಿತು. ತಪ್ಪಿಗೂ ಹೀಗೆ ಒಮ್ಮೊಮ್ಮೆ ಬೆಲೆ ಬರುತ್ತದೆ.

ಇನ್ನು ೨೦೧೦ರ ಜೂನ್ ೨೭. ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೀನ್. ಮತ್ತೆ ಇಂಗ್ಲೆಂಡ್, ಮತ್ತೆ ಜರ್ಮನಿ. ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಅಡ್ಡಪಟ್ಟಿಗೆ ತಗಲಿ ಗೆರೆಯಿಂದ ಸಾಕಷ್ಟು ಒಳಗೇ ಬಿದ್ದು ಹೊರಕ್ಕೆ ಪುಟಿದು ಬಂದಿತು. ಗೋಲು ಸಿಕ್ಕಲಿಲ್ಲ. ವೆಂಬ್ಲಿಯ ಸಾಲ ತೀರಿತೆಂದು ಜರ್ಮನರು ನಕ್ಕಿರಬೇಕು. ಆದರೆ ಆಟದ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಳಿಗೆ ನಗು ಬರಲಿಲ್ಲ. ೧೮೮೬ರಷ್ಟು ಹಳೆಯದಾದ ಈ ಮಂಡಳಿಯಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಒಂದೊಂದು ಮತ; ಉಳಿದ ಜಗತ್ತನ್ನೆಲ್ಲ ಪ್ರತಿನಿಧಿಸುವ ಫಿಫಾಕ್ಕೆ ನಾಲ್ಕು ಮತ; ಏನು ಬದಲಾಗಬೇಕಾದರೂ ಎಂಟರಲ್ಲಿ ಆರು ಮತ ಬೇಕು. ಮಡಿವಂತ ಸಭೆಯೆಂದೇ ಹೇಳಬೇಕು. ಅಂಥದೂ ೨೦೧೨ರಲ್ಲಿ, ಚೆಂಡು ಗೆರೆ ದಾಟಿತೇ ಎಂಬುದನ್ನು ಯಂತ್ರದಿಂದ ತಿಳಿಯಬಹುದೆಂದು ಒಪ್ಪಿತು. ಚೆಂಡು ಪೂರ್ತಿ ದಾಟಿದರೆ ಒಂದು ಸೆಕೆಂಡಿನೊಳಗೆ ರೆಫರಿಯ ಕೈಗಡಿಯಾರ ಮಿಡಿಯುತ್ತದೆ. ಆರು ವರ್ಷಗಳ ಮೇಲೆ, ೨೦೧೮ರ ಮಾರ್ಚ್ ೩ರಂದು, ವಿಡಿಯೊ ರೆಫರಿಗೂ ಒಪ್ಪಿಗೆ ಕೊಟ್ಟಿತು. ಎಲ್ಲಕ್ಕೂ ಅಲ್ಲ, ನಾಲ್ಕು ಸಂದರ್ಭಗಳಿಗೆ ಮಾತ್ರ: ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬನ ತಪ್ಪಿಗೆ ಇನ್ನೊಬ್ಬನಿಗೆ ಶಿಕ್ಷೆಯಾಗುವುದು. ಅದೂ ಮೈದಾನದ ರೆಫರಿಯ ತಪ್ಪು 'ಸ್ಪಷ್ಟವೂ ಎದ್ದುಕಾಣುವಂಥದೂ' ಆಗಿರಬೇಕು, ಇಲ್ಲವೆ ಗಂಭೀರವಾದ ಸಂಗತಿಯೊಂದು ಅವನ ಕಣ್ಣಿಗೆ ಬೀಳದೆ ಹೋಗಿರಬೇಕು.

ಅಧ್ಯಾಪಕ ಮಿತ್ರರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ನಮ್ಮದೇ ಎರಡು ಶಬ್ದಗಳನ್ನು ನೆನಪಿಗೆ ತರುತ್ತೇನೆ: ಮರುಎಣಿಕೆ, ಮರುಮೌಲ್ಯಮಾಪನ. ಫಲಿತಾಂಶ ಬಂದ ಮರುದಿನ ಈ ಎರಡರ ಅರ್ಜಿಗಳಿಗೆ ಕಾಲೇಜಿನ ಕಚೇರಿಯ ಮುಂದೆ ಸಾಲು ನಿಲ್ಲುತ್ತದೆ. ಮರುಎಣಿಕೆಯೆಂದರೆ ಕೊಟ್ಟ ಅಂಕಗಳನ್ನು ಮತ್ತೆ ಕೂಡುವುದು. ಅದಕ್ಕೆ ಪಾಂಡಿತ್ಯ ಬೇಡ. ನಾಲ್ಕು ಮತ್ತು ಐದು ಯಾರು ಕೂಡಿದರೂ ಒಂಬತ್ತೇ. ಮರುಮೌಲ್ಯಮಾಪನದ ಸಂಗತಿ ಬೇರೆ. ಪ್ರಬಂಧವೊಂದಕ್ಕೆ ನಾನು ಹನ್ನೆರಡು ಕೊಟ್ಟರೆ ಇನ್ನೊಬ್ಬರು ಹದಿನೈದು ಕೊಡುತ್ತಾರೆ. ಮೂರನೆಯವರು ಹತ್ತಕ್ಕೆ ಇಳಿಸುತ್ತಾರೆ. ಮೂವರೂ ಅದೇ ಉತ್ತರವನ್ನು ಅದೇ ಕನ್ನಡಕದಲ್ಲಿ ಓದಿದವರು.

ಗೆರೆ ದಾಟಿದ ಚೆಂಡು ಮರುಎಣಿಕೆಗೆ ಸೇರಿದ್ದು. ಅಲ್ಲಿ ಯಂತ್ರ ನಮ್ಮ ಕೃತಜ್ಞತೆಗೆ ಪಾತ್ರವಾದುದೇ. (ಅದೂ ಒಮ್ಮೆ ಕೈಕೊಟ್ಟಿತು. ೨೦೨೦ರ ಜೂನ್ ೧೭ರಂದು ಆಸ್ಟನ್ ವಿಲ್ಲಾದ ಗೋಲ್‌ಕೀಪರು ಚೆಂಡನ್ನು ಹಿಡಿದುಕೊಂಡೇ ಗೆರೆಯ ಒಳಗೆ ಹೋದರೂ, ಆಟಗಾರರ ಮೈಗಳು ಕ್ಯಾಮೆರಾಗಳಿಗೆ ಅಡ್ಡವಾಗಿ ಗಡಿಯಾರ ಮಿಡಿಯಲಿಲ್ಲ. ಶೆಫೀಲ್ಡ್ ಯುನೈಟೆಡ್ಡಿಗೆ ಗೋಲು ತಪ್ಪಿತು. ಆ ವರ್ಷದ ಕೊನೆಗೆ ವಿಲ್ಲಾ ತಂಡ ಒಂದೇ ಒಂದು ಅಂಕದಿಂದ ಮೇಲಿನ ಲೀಗಿನಲ್ಲಿ ಉಳಿಯಿತು. ಬೋರ್ನ್‌ಮೌತ್ ತಂಡ ಕೆಳಗಿಳಿಯಿತು.) ಆದರೆ ಚೆಂಡು ಕೈಗೆ ತಗಲಿದುದು ಅಪರಾಧವೆ, ಒಬ್ಬನು ಇನ್ನೊಬ್ಬನ ಕಾಲಿಗೆ ಒದೆದುದು ಒರಟುತನವೆ ಎಂಬವು ಮರುಮೌಲ್ಯಮಾಪನದ ಪ್ರಶ್ನೆಗಳು. ಜನ ಮರುಎಣಿಕೆಯ ಆಸೆಯಿಂದ ಕ್ಯಾಮೆರಾವನ್ನು ತಂದರು. ಅದನ್ನು ಮರುಮೌಲ್ಯಮಾಪನಕ್ಕೆ ಕೂಡಿಸಿದರು. ಜಗಳವೆಲ್ಲ ಅಲ್ಲಿಂದ ಹೊರಟಿತೆಂದು ನನಗೆ ತೋರುತ್ತದೆ.

೨೦೧೮ರ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನೇ ನೋಡಿ. ಜುಲೈ ೧೫, ಮಾಸ್ಕೊ. ಫ್ರಾನ್ಸ್, ಕ್ರೊಯೇಷಿಯ ಎರಡಕ್ಕೂ ಒಂದೊಂದು ಗೋಲು. ಮೂಲೆಯಿಂದ ಬಂದ ಚೆಂಡು, ನೆಗೆದ ಫ್ರೆಂಚ್ ಆಟಗಾರನಿಗೆ ಸಿಕ್ಕದೆ, ಅವನ ಹಿಂದಿದ್ದ ಇವಾನ್ ಪೆರಿಸಿಚ್‌ನ ಕೈಗೆ ಬಡಿಯಿತು. ಅರ್ಜೆಂಟೀನದ ರೆಫರಿ ನೆಸ್ಟೊರ್ ಪಿಟಾನಾ ಮೈದಾನದ ಅಂಚಿನ ಪರದೆಗೆ ಹೋಗಿ ನೋಡಿದರು, ಹೊರಟರು, ಮನಸ್ಸು ಒಪ್ಪದೆ ಮತ್ತೆ ಹಿಂದಿರುಗಿ ನೋಡಿದರು, ಆಮೇಲೆ ಪೆನಾಲ್ಟಿ ಕೊಟ್ಟರು. ಚೆಂಡು ಕೈಗೆ ತಗಲಿತೆಂಬುದು ಮೊದಲ ನೋಟಕ್ಕೇ ಕಂಡಿದೆ. ಎರಡನೆಯ ಸಲ ಅವರು ನೋಡಲು ಹೋದುದು ಏನನ್ನು? ಪೆರಿಸಿಚ್‌ನ ಮನಸ್ಸನ್ನಲ್ಲವೆ? ಅದು ಯಾವ ಪರದೆಯ ಮೇಲೆ ಮೂಡೀತು? ಫ್ರಾನ್ಸ್ ೪-೨ರಿಂದ ಗೆದ್ದಿತು. ತಜ್ಞರು ಇಂದಿಗೂ ಆ ಪೆನಾಲ್ಟಿಯ ವಿಷಯದಲ್ಲಿ ಎರಡು ಪಕ್ಷವಾಗಿದ್ದಾರೆ.

ಕನ್ನಡದಲ್ಲಿ 'ಕೈ' ಎಂದರೆ ಬರಿಯ ಅಂಗೈಯೂ ಆಗಬಹುದು, ಬೆರಳ ತುದಿಯಿಂದ ಹೆಗಲವರೆಗೂ ಆಗಬಹುದು. ಬೇಕಾದಾಗ ಮುಂಗೈ, ಮೊಣಕೈ, ತೋಳು ಎಂದು ಬಿಡಿಸಿಕೊಳ್ಳುತ್ತೇವೆ. ಆಟದ ನಿಯಮಕಾರರಿಗೂ ಕೈ ಎಲ್ಲಿ ಮುಗಿಯುತ್ತದೆ, ಹೆಗಲು ಎಲ್ಲಿ ಆರಂಭವಾಗುತ್ತದೆ ಎಂಬ ತೊಡಕು ಬಂದಿತು. ಬರಿಗಣ್ಣಿನ ಕಾಲದಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕ್ಯಾಮೆರಾ ಕೇಳಿತು. ೨೦೨೦ರಲ್ಲಿ, ಕಂಕುಳ ತಳಕ್ಕೆ ಸಮನಾದ ಗೆರೆಯೇ ಕೈಯ ಮೇಲಿನ ಎಲ್ಲೆಯೆಂದು ನಿರ್ಣಯಿಸಿ ಚಿತ್ರ ಬರೆದು ತೋರಿಸಿದರು. 'ದೇಹವನ್ನು ಅಸ್ವಾಭಾವಿಕವಾಗಿ ದೊಡ್ಡದು ಮಾಡಿಕೊಂಡರೆ' ಅಪರಾಧವೆಂದರು. ನೆಗೆಯುವವನ ಕೈ ಎಲ್ಲಿರುವುದು ಸ್ವಾಭಾವಿಕ? ದಾಳಿ ಮಾಡುವವರ ಕೈಗೆ ಚೆಂಡು ಆಕಸ್ಮಿಕವಾಗಿ ತಗಲಿ ಗೋಲಾದರೂ ಸಲ್ಲದೆಂದು ೨೦೧೯ರಲ್ಲಿ ಬಿಗಿಮಾಡಿದರು. ಆ ಆಗಸ್ಟ್ ೧೭ರಂದೇ ಮ್ಯಾಂಚೆಸ್ಟರ್ ಸಿಟಿ ತಂಡ ಟಾಟನ್‌ಹ್ಯಾಮಿನ ಮೇಲೆ ಕಟ್ಟಕಡೆಯಲ್ಲಿ ಹೊಡೆದ ಗೋಲು, ಸಂಗಡಿಗನ ಕೈಗೆ ಚೆಂಡು ಸೋಕಿತ್ತೆಂಬ ಕಾರಣಕ್ಕೆ ಅಳಿಸಿಹೋಯಿತು. ೨೦೨೧ರಲ್ಲಿ ಅದೇ ನಿಯಮವನ್ನು ಸಡಿಲಿಸಿ, ಸಂಗಡಿಗನ ಕೈಗೆ ಆಕಸ್ಮಿಕವಾಗಿ ತಗಲಿದರೆ ದೋಷವಿಲ್ಲವೆಂದರು. ಕಂಡುದು ಬದಲಾಗಲಿಲ್ಲ, ವಾಕ್ಯ ಬದಲಾಯಿತು. ನಿಯಮವೆಂಬುದು ವ್ಯಾಕರಣಸೂತ್ರದಂಥದು: ಪ್ರತಿ ಅಪವಾದಕ್ಕೂ ಒಂದು ಉಪಸೂತ್ರ, ಪ್ರತಿ ಉಪಸೂತ್ರಕ್ಕೂ ಇನ್ನೊಂದು ಅಪವಾದ.

ನಿಧಾನಗತಿಯ ಚಿತ್ರದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗುಂಡಿನೇಟಿನ ಕೊಲೆಯೊಂದರ ದೃಶ್ಯವನ್ನು ಕೆಲವರಿಗೆ ಸಹಜ ವೇಗದಲ್ಲಿ, ಕೆಲವರಿಗೆ ನಿಧಾನವಾಗಿ ತೋರಿಸಿ ಪರೀಕ್ಷಿಸಿದ ಅಧ್ಯಯನವೊಂದು ೨೦೧೬ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಿಧಾನವಾಗಿ ನೋಡಿದವರಿಗೆ ಕೊಲೆಗಾರ ಬೇಕೆಂದೇ, ಯೋಚಿಸಿಯೇ ಮಾಡಿದನೆಂದು ಹೆಚ್ಚಾಗಿ ತೋರಿತಂತೆ. ಕ್ಷಣಾರ್ಧದ ಕೃತ್ಯವನ್ನು ಹಿಗ್ಗಿಸಿ ತೋರಿಸಿದರೆ, ಮಾಡಿದವನಿಗೂ ಅಷ್ಟು ಹೊತ್ತು ಯೋಚಿಸಲು ಅವಕಾಶವಿತ್ತೆಂಬ ಭ್ರಾಂತಿ ನೋಡುವವರಿಗೆ ಹುಟ್ಟುತ್ತದೆ. ಆದ್ದರಿಂದಲೇ ವಿಡಿಯೊ ರೆಫರಿಯ ನಿಯಮಾವಳಿಯಲ್ಲಿ, ತಾಗಿದ್ದು ಎಲ್ಲಿ ಎಂಬುದನ್ನು ನಿಧಾನಗತಿಯಲ್ಲಿ ನೋಡಬಹುದು, ಎಷ್ಟು ಬಿರುಸಾಗಿ ತಾಗಿತೆಂಬುದನ್ನು ಸಹಜ ವೇಗದಲ್ಲಿ ನೋಡಬೇಕು ಎಂಬ ವಿವೇಚನೆಯಿದೆ. ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಎಲ್ಲೆ ಹಾಕಿದ ನಮ್ಮ ತಾರ್ಕಿಕರು ಇದನ್ನು ಓದಿದ್ದರೆ ಮೆಚ್ಚುತ್ತಿದ್ದರೇನೋ.

ಆಫ್‌ಸೈಡಾದರೂ ಶುದ್ಧ ಮರುಎಣಿಕೆಯಲ್ಲವೆ ಎಂದು ಕೇಳಬಹುದು. ಸಂಗಡಿಗ ಚೆಂಡನ್ನು ಒದ್ದ ಕ್ಷಣದಲ್ಲಿ ಇವನು ಎದುರಾಳಿಯ ರಕ್ಷಕನಿಗಿಂತ ಮುಂದಿದ್ದನೆ ಎಂಬುದು ಅಳತೆಯ ವಿಷಯ, ನಿಜ. ಆದರೆ ಆ ಕ್ಷಣ ಯಾವುದು? ಸೆಕೆಂಡಿಗೆ ೫೦ ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ, ಸೆಕೆಂಡಿಗೆ ೮ ಮೀಟರ್ ಓಡುವವನು ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ೧೬ ಸೆಂಟಿಮೀಟರ್ ಸರಿದಿರುತ್ತಾನೆ. ಹೀಗಿರಲು ಹಿಮ್ಮಡಿಯ ಅಂಚು, ಹೆಗಲಿನ ತುದಿ ಮುಂದಿತ್ತೆಂದು ಗೋಲನ್ನು ಅಳಿಸುವಾಗ ನೋಡುವವರಿಗೆ ಸಂಕಟವಾಗದಿರುತ್ತದೆಯೆ? ೨೦೨೨ರ ಕತಾರಿನ ವಿಶ್ವಕಪ್ಪಿಗೆ ಚಾವಣಿಯಲ್ಲಿ ಹನ್ನೆರಡು ಕ್ಯಾಮೆರಾಗಳನ್ನಿಟ್ಟು, ಪ್ರತಿಯೊಬ್ಬ ಆಟಗಾರನ ಮೈಯ ೨೯ ಬಿಂದುಗಳನ್ನು ಹಿಂಬಾಲಿಸಿ, ಚೆಂಡಿನೊಳಗೇ ಸೆಕೆಂಡಿಗೆ ೫೦೦ ಸಲ ಸುದ್ದಿ ಕೊಡುವ ಸಾಧನವನ್ನು ಇರಿಸಿದರು. ಉದ್ಘಾಟನೆಯ ಪಂದ್ಯದ ಮೂರನೆಯ ನಿಮಿಷದಲ್ಲೇ ಎಕ್ವಡಾರಿನ ಒಂದು ಗೋಲನ್ನು ಅದು ನುಂಗಿತು. ಅಳತೆ ಬಹುಮಟ್ಟಿಗೆ ಸರಿಹೋಯಿತೆಂದೇ ಹೇಳಬೇಕು.

ಇಷ್ಟೆಲ್ಲ ಓದಿದ ಮೇಲೂ ನನಗೆ ಇದು ಇನ್ನೊಬ್ಬರ ಮನೆಯ ವ್ಯಾಜ್ಯವಾಗಿಯೇ ಇದ್ದಿತು. ಅದು ನನ್ನ ಮನೆಯದಾದುದು ಲಂಡನ್ನಿನಲ್ಲಿ ೨೦೨೩ರ ಸೆಪ್ಟೆಂಬರ್ ೩೦ರಂದು ನಡೆದ ಟಾಟನ್‌ಹ್ಯಾಮ್-ಲಿವರ್‌ಪೂಲ್ ಪಂದ್ಯದ ವೃತ್ತಾಂತವನ್ನು ಕೇಳಿದಾಗ. ಕೇಳಿದಾಗ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ.

ಎರಡು ತಂಡಗಳೂ ಇನ್ನೂ ಗೋಲು ಹೊಡೆದಿರಲಿಲ್ಲ. ೩೪ನೆಯ ನಿಮಿಷದಲ್ಲಿ ಲಿವರ್‌ಪೂಲಿನ ಲೂಯಿಸ್ ಡಿಯಾಸ್ ಚೆಂಡನ್ನು ಬಲೆಗೆ ಸೇರಿಸಿದನು. ಲೈನ್ಸ್‌ಮನ್ ಬಾವುಟವೆತ್ತಿದರು; ಆಫ್‌ಸೈಡ್. ರೆಫರಿ ಸೈಮನ್ ಹೂಪರ್ ಗೋಲಿಲ್ಲವೆಂದರು. ಮೈಲುಗಟ್ಟಲೆ ದೂರದ ಕೋಣೆಯಲ್ಲಿ ಪರದೆಗಳ ಮುಂದೆ ಕುಳಿತಿದ್ದ ವಿಡಿಯೊ ರೆಫರಿ ಡ್ಯಾರೆನ್ ಇಂಗ್ಲೆಂಡ್ ಚಿತ್ರವನ್ನು ನಿಲ್ಲಿಸಿ, ಗೆರೆ ಎಳೆಸಿ ನೋಡಿದರು. ಡಿಯಾಸ್ ಆಫ್‌ಸೈಡ್ ಇರಲಿಲ್ಲ. ಅಳತೆ ಸರಿ, ಕಣ್ಣು ಸರಿ, ನಿರ್ಣಯವೂ ಸರಿ. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆಂದೇ ಅವರು ಭಾವಿಸಿದ್ದರು. ಕೊಟ್ಟಿದ್ದು ಸರಿಯಾಗಿಯೇ ಇದೆಯೆಂಬ ಅರ್ಥದಲ್ಲಿ, "ಪರಿಶೀಲನೆ ಮುಗಿಯಿತು" ಎಂದುಬಿಟ್ಟರು. ಮೈದಾನದಲ್ಲಿದ್ದ ಹೂಪರ್ ಅದನ್ನು, ತಾವು ಗೋಲಿಲ್ಲವೆಂದುದೇ ಸರಿಯೆಂದು ಅರ್ಥಮಾಡಿಕೊಂಡರು. ಟಾಟನ್‌ಹ್ಯಾಮಿನವರು ಫ್ರೀ ಕಿಕ್ ಒದ್ದರು, ಆಟ ಮುಂದುವರಿಯಿತು.

ಮೂರು ದಿನಗಳ ಮೇಲೆ ರೆಫರಿಗಳ ಸಂಸ್ಥೆ ಆ ಕೋಣೆಯ ಸಂಭಾಷಣೆಯ ಧ್ವನಿಮುದ್ರಿಕೆಯನ್ನು ಪ್ರಕಟಿಸಿತು. ಅದನ್ನು ನಾನು ಹಲವು ಸಲ ಕೇಳಿದ್ದೇನೆ. ತಪ್ಪನ್ನು ಮೊದಲು ಗುರುತಿಸಿದವನು ರೆಫರಿಯಲ್ಲ, ಚಿತ್ರಗಳನ್ನು ಹಿಂದುಮುಂದು ಮಾಡಿ ತೋರಿಸುವ ಕೆಲಸದವನು. ಮೈದಾನದಲ್ಲಿ ಕೊಟ್ಟ ತೀರ್ಪು ಆಫ್‌ಸೈಡ್ ಅಲ್ಲವೇ, ನಿಮಗೆ ಇದು ಒಪ್ಪಿಗೆಯೇ ಎಂದು ಅವನು ಕೇಳುತ್ತಾನೆ. ಒಂದು ಕ್ಷಣ ಯಾರಿಗೂ ತೋಚುವುದಿಲ್ಲ. ಆಟವನ್ನು ನಿಲ್ಲಿಸಿ ಎಂಬ ದನಿ ಕೇಳುತ್ತದೆ. ಆದರೆ ಆಟ ಮತ್ತೆ ಆರಂಭವಾದ ಮೇಲೆ ಹಿಂದಿನ ತೀರ್ಪನ್ನು ತಿದ್ದಲು ನಿಯಮದಲ್ಲಿ ಎಡೆಯಿಲ್ಲ. ಏನೂ ಮಾಡುವಂತಿಲ್ಲ, ಏನೂ ಮಾಡುವಂತಿಲ್ಲ ಎಂದು ವಿಡಿಯೊ ರೆಫರಿಯ ಬಾಯಿಂದ ಮತ್ತೆ ಮತ್ತೆ ಬರುತ್ತದೆ. ಎರಡು ನಿಮಿಷಗಳಲ್ಲಿ ಟಾಟನ್‌ಹ್ಯಾಮ್ ಗೋಲು ಹೊಡೆಯಿತು. ಒಂಬತ್ತು ಜನಕ್ಕೆ ಇಳಿದಿದ್ದ ಲಿವರ್‌ಪೂಲ್, ೯೬ನೆಯ ನಿಮಿಷದಲ್ಲಿ ತನ್ನವನೇ ತಪ್ಪಿ ತನ್ನ ಬಲೆಗೆ ಚೆಂಡನ್ನು ಕಳಿಸಿ, ೨-೧ರಿಂದ ಸೋತಿತು. ಪಂದ್ಯವನ್ನು ಮತ್ತೆ ಆಡಿಸುವುದೇ ನ್ಯಾಯವೆಂದು ಅದರ ಮ್ಯಾನೇಜರ್ ಯುರ್ಗೆನ್ ಕ್ಲಾಪ್ ಹೇಳಿದರು. ಆಡಿಸಲಿಲ್ಲ.

೧೯೬೬ರಲ್ಲಿ ಒಂದೇ ಭಾಷೆ ಬಾರದ ಇಬ್ಬರು ಒಂದು ತಲೆಯಾಡಿಸುವಿಕೆಯಿಂದ ತೀರ್ಪನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು; ಕಂಡುದು ಸರಿಯೋ ತಪ್ಪೋ, ದಾಟಿದುದು ಮಾತ್ರ ಕೆಡಲಿಲ್ಲ. ೨೦೨೩ರಲ್ಲಿ ಒಂದೇ ಭಾಷೆಯನ್ನು ಹುಟ್ಟಿನಿಂದ ಆಡುವವರು, ಕಿವಿಗೆ ಯಂತ್ರ ಕಟ್ಟಿಕೊಂಡು, ಸರಿಯಾಗಿ ಕಂಡುದನ್ನು ದಾಟಿಸಲಾರದೆ ಹೋದರು. 'ಪರಿಶೀಲನೆ ಮುಗಿಯಿತು' ಎಂಬುದು ವ್ಯಾಕರಣದ ದೃಷ್ಟಿಯಿಂದ ಪೂರ್ಣವಾಕ್ಯ, ಕರ್ತೃವಿದೆ, ಕ್ರಿಯಾಪದವಿದೆ. ಮುಗಿದು ಏನಾಯಿತೆಂಬುದೊಂದು ಅದರಲ್ಲಿಲ್ಲ.

ನನಗೆ ಇದು ಏಕೆ ನಾಟಿತೆಂಬುದನ್ನು ಈಗ ಹೇಳಿಬಿಡಬೇಕು. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಬೇಗೆಯಲ್ಲಿ ಒಂದು ಮೌಲ್ಯಮಾಪನ ಕೇಂದ್ರದಲ್ಲಿ ಪದವಿ ತರಗತಿಯ ಉತ್ತರಪತ್ರಿಕೆಗಳನ್ನು ನೋಡುತ್ತಿದ್ದೆ. ಗದಾಯುದ್ಧದ ಸಂದರ್ಭವನ್ನು ಕುರಿತು ಇಪ್ಪತ್ತು ಅಂಕದ ಪ್ರಶ್ನೆ. ಕಟ್ಟಿನಲ್ಲಿದ್ದ ಉತ್ತರಗಳೆಲ್ಲ ಒಂದೇ ಗೈಡಿನ ಮಕ್ಕಳು. ಒಂದು ಮಾತ್ರ ಬೇರೆಯಾಗಿತ್ತು. ಬರೆದದ್ದು ಹುಡುಗನೋ ಹುಡುಗಿಯೋ ತಿಳಿಯದು. ಮೇಲೊಂದು ಸಂಕೇತಸಂಖ್ಯೆ ಅಷ್ಟೆ. ಆ ವಿದ್ಯಾರ್ಥಿ ವ್ಯಾಸಭಾರತದ ಬಲರಾಮನನ್ನು ಚರ್ಚೆಗೆ ಎಳೆದುತಂದಿದ್ದರು. ಭೀಮ ತೊಡೆಗೆ ಹೊಡೆದುದನ್ನು ಅಲ್ಲಿದ್ದವರೆಲ್ಲ ಕಂಡರು. ಕಾಣಲಿಲ್ಲವೆಂದು ಯಾರೂ ಹೇಳಲಿಲ್ಲ. ನಾಭಿಯ ಕೆಳಗೆ ಹೊಡೆಯಬಾರದೆಂಬ ಗದಾಯುದ್ಧದ ಕಟ್ಟಳೆ ದೊಡ್ಡದೋ, ಸಭೆಯಲ್ಲಿ ಭೀಮ ಆಡಿದ ಪ್ರತಿಜ್ಞೆಯ ಮಾತು ದೊಡ್ಡದೋ ಎಂಬುದೇ ಬಲರಾಮನಿಗೂ ಕೃಷ್ಣನಿಗೂ ಬಂದ ವಾದವೆಂದು ಬರೆದಿದ್ದರು. ಓದಿ ಸಂತೋಷವಾಯಿತು. ಪಕ್ಕದಲ್ಲಿದ್ದವರಿಗೂ ಓದಿ ಹೇಳಿದೆ. ಕೆಂಪು ಮಸಿಯಲ್ಲಿ ೧೬ ಎಂದು ಬರೆದೆ.

ಆ ಪತ್ರಿಕೆಯ ಮುಖಪುಟದ ಚೌಕದಲ್ಲಿ ೬ ಎಂದು ಏರಿಸಿದೆ. ಊಟದ ಗಂಟೆ ಹೊಡೆದಿತ್ತೋ, ಮಾತಿನಲ್ಲಿದ್ದೆನೋ, ನೆನಪಿಲ್ಲ. ಕೂಡಿದ್ದು ಸರಿಯಾಗಿತ್ತು, ಏರಿಸಿದ ಅಂಕಿಯೇ ತಪ್ಪು. ಕೆಳಗೆ 'ಪರಿಶೀಲಿಸಲಾಗಿದೆ' ಎಂಬ ಅಚ್ಚಿನ ಪದದ ಮುಂದೆ ಇನ್ನೊಬ್ಬರ ಸಹಿಯೂ ಬಿದ್ದಿತು. ಅವರನ್ನು ನಾನು ದೂರುವುದಿಲ್ಲ. ಆ ದಿನ ಅವರು ಎಷ್ಟು ಕಟ್ಟುಗಳಿಗೆ ಸಹಿ ಹಾಕಿದ್ದರೋ.

ವಿದ್ಯಾರ್ಥಿ ಛಾಯಾಪ್ರತಿ ತರಿಸಿಕೊಂಡು ಅರ್ಜಿ ಹಾಕಿದುದರಿಂದ ತಪ್ಪು ಹೊರಬಂದಿತು. ವಿವರಣೆ ಕೇಳಿ ನನಗೆ ಪತ್ರ ಬಂದಿತು. ದಂಡವನ್ನು ಸಂಭಾವನೆಯಲ್ಲಿ ಮುರಿದುಕೊಂಡರು. ಅದು ನ್ಯಾಯವೇ. ಆದರೆ ಹತ್ತು ಅಂಕಗಳು ಮರಳಿ ಸೇರುವ ಹೊತ್ತಿಗೆ ಎಂ.ಎ. ಪ್ರವೇಶದ ಪಟ್ಟಿ ಮುಚ್ಚಿ ಎರಡು ತಿಂಗಳಾಗಿತ್ತು. ಆ ಸಂಕೇತಸಂಖ್ಯೆಯ ವಿದ್ಯಾರ್ಥಿ ಎಂ.ಎ.ಗೆ ಅರ್ಜಿ ಹಾಕಿದ್ದರೋ ಇಲ್ಲವೋ, ಈಗ ಎಲ್ಲಿದ್ದಾರೋ. ವಿಚಾರಿಸುವ ದಾರಿಯಿಲ್ಲ, ಇದ್ದಿದ್ದರೂ ಧೈರ್ಯವಾಗುತ್ತಿತ್ತೆಂದು ಹೇಳಲಾರೆ. ಧ್ವನಿಮುದ್ರಿಕೆಯಲ್ಲಿ ಆ ಮನುಷ್ಯ ಏನೂ ಮಾಡುವಂತಿಲ್ಲವೆಂದು ಹೇಳುವಾಗ ನನ್ನ ಕೈ ತಣ್ಣಗಾದುದು ಇದಕ್ಕೆ. ಪತ್ರಿಕೆಗಳು ಅವರನ್ನು ಹರಿದು ತಿಂದವು. ನನ್ನ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ವಿಡಿಯೊ ರೆಫರಿಯನ್ನು ಕಿತ್ತೊಗೆಯಬೇಕೆಂಬ ಕೂಗು ಹಲವು ಕಡೆ ಎದ್ದಿದೆ. ನಾರ್ವೆಯಲ್ಲಿ ೨೦೨೪ರ ಜುಲೈ ತಿಂಗಳ ಒಂದು ಪಂದ್ಯಕ್ಕೆ ಜನ ಮೀನಿನ ವಡೆಗಳನ್ನು ಮೈದಾನಕ್ಕೆ ಎಸೆದು ಪ್ರತಿಭಟಿಸಿದರು, ಪಂದ್ಯವೇ ನಿಂತುಹೋಯಿತು. ಮುಂದಿನ ವರ್ಷ ಅಲ್ಲಿಯ ಮೇಲಿನ ಎರಡು ದರ್ಜೆಗಳ ೩೨ ಕ್ಲಬ್ಬುಗಳಲ್ಲಿ ೧೯ ಅದು ಬೇಡವೆಂದವು. ಆದರೂ ಮಾರ್ಚಿನಲ್ಲಿ ಸೇರಿದ ರಾಷ್ಟ್ರೀಯ ಸಂಸ್ಥೆಯ ಸಭೆ ಉಳಿಸಿಕೊಂಡಿತು. ಸ್ವೀಡನ್ನಿನಲ್ಲಿ ಕ್ಲಬ್ಬುಗಳು ಬಹುಪಾಲು ಸದಸ್ಯರ ಸ್ವತ್ತು. ಸದಸ್ಯರು ಬೇಡವೆಂದುದರಿಂದ ೨೦೨೪ರಲ್ಲಿ ಅದನ್ನು ತರದಿರಲು ನಿಶ್ಚಯಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ವುಲ್ವರ್‌ಹ್ಯಾಂಪ್ಟನ್ ತಂಡ ಬೇಡವೆಂಬ ಸೂಚನೆ ಮಂಡಿಸಿದಾಗ ಉಳಿದ ಹತ್ತೊಂಬತ್ತೂ ಎದುರು ಮತ ಹಾಕಿದವು. ಕಿತ್ತೊಗೆಯಬೇಕೆಂಬವರಲ್ಲಿ ನಾನಿಲ್ಲ. ಮರುಮೌಲ್ಯಮಾಪನವೇ ಇಲ್ಲದಿದ್ದರೆ ಆ ಹತ್ತು ಅಂಕಗಳು ಇಂದಿಗೂ ನನ್ನ ಕೆಂಪು ಮಸಿಯ ಕೆಳಗೇ ಹೂತಿರುತ್ತಿದ್ದವು. ಆದರೆ ಪ್ರೇಕ್ಷಕರನ್ನು ಕತ್ತಲಲ್ಲಿಟ್ಟು ನಾಲ್ಕು ನಿಮಿಷ ಪರದೆ ನೋಡಿ, ಕೈಸನ್ನೆ ಮಾಡಿ ಹೋಗುವುದು ಮರ್ಯಾದೆಯಲ್ಲ. ಮೈದಾನದಲ್ಲಿ ನಿಂತು ರೆಫರಿ ತನ್ನ ನಿರ್ಣಯವನ್ನೂ ಕಾರಣವನ್ನೂ ಎಲ್ಲರಿಗೆ ಕೇಳುವಂತೆ ಹೇಳುವ ಪದ್ಧತಿ ೨೦೨೩ರ ಮಹಿಳೆಯರ ವಿಶ್ವಕಪ್ಪಿನಲ್ಲಿ ನಡೆಯಿತು. ೨೦೨೫ರ ಜನವರಿಯಲ್ಲಿ ಇಂಗ್ಲೆಂಡಿಗೂ ಬಂದಿತು. ಇದು ನನಗೆ ಚೆಂಡಿನೊಳಗಿನ ಯಂತ್ರಕ್ಕಿಂತ ದೊಡ್ಡ ಸುಧಾರಣೆಯಾಗಿ ಕಾಣುತ್ತದೆ. ಇಂಗ್ಲೆಂಡಿನ ವಿಡಿಯೊ ಕೋಣೆಯಲ್ಲೂ, ಪರಿಶೀಲನೆಯ ಫಲ ಏನೆಂಬುದನ್ನು ಒಬ್ಬರಿಗೊಬ್ಬರು ಹೇಳಿ ಖಚಿತಪಡಿಸಿಕೊಂಡ ಮೇಲೆಯೇ ಮೈದಾನಕ್ಕೆ ತಿಳಿಸಬೇಕೆಂದು ಡಿಯಾಸ್‌ನ ಗೋಲು ಹೋದ ನಂತರ ಕಟ್ಟುಮಾಡಿದರು.

ಕಂಠೀರವದ ಆ ರಾತ್ರಿಯ ಪಂದ್ಯವನ್ನು ಬೆಂಗಳೂರು ಗೆದ್ದಿತೆಂದು ಘೋಷಿಸಿದರು. ಮತ್ತೆ ಆಡಿಸಬೇಕೆಂಬ ಕೇರಳದ ಕೋರಿಕೆ ನಿಲ್ಲಲಿಲ್ಲ. ಮೈದಾನ ಬಿಟ್ಟುಹೋದುದಕ್ಕೆ ಆ ತಂಡಕ್ಕೆ ೪ ಕೋಟಿ ರೂಪಾಯಿ ದಂಡ, ಕೋಚಿಗೆ ೧೦ ಪಂದ್ಯಗಳ ನಿಷೇಧ. ಗೋಡೆಯೂ ಬೇಡ, ಸೀಟಿಯೂ ಬೇಡವೆಂದು ತಾನು ರೆಫರಿಗೆ ಹೇಳಿದ್ದಾಗಿಯೂ, ಖಂಡಿತವೇ ಎಂದು ರೆಫರಿ ಮರಳಿ ಕೇಳಿದ್ದಾಗಿಯೂ ಛೇತ್ರಿ ಆಮೇಲೆ ತಿಳಿಸಿದರು. ಇದನ್ನು ಅಕ್ಕನ ಮಗನಿಗೆ ತೋರಿಸಿ, "ಕ್ಯಾಮೆರಾ ಇದ್ದಿದ್ದರೆ ಇದರಲ್ಲಿ ಏನನ್ನು ನೋಡುತ್ತಿದ್ದರಪ್ಪ?" ಎಂದು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ, "ಮೈಕ್ ಇರಬೇಕಿತ್ತು ಮಾಮ" ಎಂದ.

ಕಳೆದ ಬೇಸಗೆಯಲ್ಲಿ ಮತ್ತೆ ಮೌಲ್ಯಮಾಪನಕ್ಕೆ ಹೋಗಿದ್ದೆ. ಈಗ ಮುಖಪುಟಕ್ಕೆ ಅಂಕ ಏರಿಸುವಾಗ ಒಳಪುಟದ ಅಂಕಿಯನ್ನು ಬಾಯಿಬಿಟ್ಟು ಓದಿಕೊಳ್ಳುತ್ತೇನೆ: ಹದಿನಾರು, ಹನ್ನೊಂದು, ಒಂಬತ್ತು. ಎದುರು ಮೇಜಿನ ಮೇಷ್ಟರಿಗೆ ಇದರಿಂದ ಕಿರಿಕಿರಿ. "ಮೆಲ್ಲಗೆ ಹೇಳಿ ಸಾರ್, ನನ್ನ ಲೆಕ್ಕ ತಪ್ಪುತ್ತದೆ" ಎಂದು ಎರಡು ಸಲ ಹೇಳಿದರು. ಮೆಲ್ಲಗೆ ಹೇಳಿಕೊಳ್ಳುತ್ತಿದ್ದೇನೆ.